ಬೆರಳು ನೇರವಾದದ್ದು ಎಷ್ಟು ದಿನಕ್ಕೆ?

2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಅಂಗೈಯ ಕಡೆಗೆ ಮಡಚಿಕೊಂಡು ಬಿಡಿಸಲಾಗದೆ ನಿಂತ ಬೆರಳಿಗೆ ಶಸ್ತ್ರಚಿಕಿತ್ಸೆ ಮೇಲೋ, ಕಿಣ್ವದ ಇಂಜೆಕ್ಷನ್ ಮೇಲೋ ಎಂಬುದು ಅದರ ಪ್ರಶ್ನೆ. 672 ರೋಗಿಗಳನ್ನು ಎರಡು ಗುಂಪಾಗಿ ಹಂಚಿ, ಒಂದು ವರ್ಷದ ನಂತರ ಅವರ ಕೈ ದಿನನಿತ್ಯದ ಕೆಲಸಕ್ಕೆ ಎಷ್ಟು ತೊಡಕಾಗಿದೆ ಎಂದು ಅವರನ್ನೇ ಕೇಳಿ ಅಂಕ ಹಾಕಿದರು. ತೊಡಕು ಹೆಚ್ಚಿದಷ್ಟೂ ಅಂಕ ಹೆಚ್ಚು. ಶಸ್ತ್ರಚಿಕಿತ್ಸೆಯ ಗುಂಪಿಗೆ ಬಂದದ್ದು ಸರಾಸರಿ 11.9, ಇಂಜೆಕ್ಷನ್ ಗುಂಪಿಗೆ 17.8. ಕಿಣ್ವ ಸೋತಿತು. ಆದರೆ ಈ ತೀರ್ಪು ಹೊರಬೀಳುವ ಹೊತ್ತಿಗೆ ಆ ಕಿಣ್ವ ಬ್ರಿಟನ್ನಿನ ಮಾರುಕಟ್ಟೆಯಲ್ಲೇ ಇರಲಿಲ್ಲ. 2020ರಲ್ಲಿ ಅದನ್ನು ಯುರೋಪಿನಿಂದ ಹಿಂದಕ್ಕೆ ಪಡೆಯಲಾಗಿತ್ತು. ಅಪಾಯ ಕಂಡುಬಂತೆಂದಲ್ಲ, ವ್ಯಾಪಾರದ ಲೆಕ್ಕಾಚಾರದಿಂದ. ಔಷಧಿ ಬಂದಾಗ ಅದರ ಪರವಾಗಿ ಇದ್ದ ಪುರಾವೆ ಮೂವತ್ತು ದಿನಗಳದ್ದು. ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಇಂಥ ಪುರಾವೆ ಸಿಕ್ಕಿದ್ದು ಔಷಧಿ ಹೋದ ಮೇಲೆ. ಇದನ್ನು ಯಾವುದೋ ಒಂದು ಕಂಪನಿಯ ಆತುರವೆಂದು ತಳ್ಳಿಹಾಕಬಹುದು. ಆದರೆ ಈ ಕಾಯಿಲೆಯ ಚಿಕಿತ್ಸೆಯ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಬೇರೆಯೇ ಒಂದು ಮಾತು ಕಾಣುತ್ತದೆ. ಇಲ್ಲಿ ಉಪಕರಣಗಳು ಬದಲಾಗುತ್ತಾ ಬಂದವು, ಅಳೆಯುವ ದಿನ ಮಾತ್ರ ಬಹುಮಟ್ಟಿಗೆ ಬದಲಾಗಲಿಲ್ಲ. ಬೆರಳು ನೇರವಾದ ದಿನವೇ ಗೆದ್ದೆವೆಂದು ಹೇಳುವ ಅಭ್ಯಾಸ ಚಾಕುವಿನ ಜೊತೆ ಹುಟ್ಟಿ ಸೂಜಿಗೂ ಅಂಟಿಕೊಂಡಿತು.

ಕಾಯಿಲೆಗೆ ಪ್ಯಾರಿಸ್ಸಿನ ಶಸ್ತ್ರವೈದ್ಯ ಗಿಯೋಮ್ ಡ್ಯುಪ್ಯುಟ್ರೆನ್‌ನ ಹೆಸರಿದೆ. ಅಂಗೈಯ ಚರ್ಮದ ಕೆಳಗೆ, ಚರ್ಮ ಜಾರದಂತೆ ಹಿಡಿದಿಡುವ ಗಟ್ಟಿ ಪೊರೆಯೊಂದಿದೆ. ಕೆಲವರಲ್ಲಿ, ಸಾಮಾನ್ಯವಾಗಿ ನಡುವಯಸ್ಸು ದಾಟಿದ ಮೇಲೆ, ಆ ಪೊರೆಯಲ್ಲಿ ಮೊದಲು ಗಂಟುಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಗಂಟಿನಿಂದ ಬೆರಳಿನ ಕಡೆಗೆ ಹುರಿ ಬೆಳೆಯುತ್ತದೆ, ಹುರಿ ವರ್ಷಗಳ ಕಾಲ ನಿಧಾನವಾಗಿ ಬಿಗಿಯುತ್ತದೆ, ಉಂಗುರದ ಬೆರಳೋ ಕಿರುಬೆರಳೋ ಮಡಚಿಕೊಳ್ಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಮುಖ ತೊಳೆಯುವಾಗ ಬೆರಳು ಕಣ್ಣಿಗೆ ತಾಗುತ್ತದೆ, ಜೇಬಿಗೆ ಕೈ ಹೋಗುವುದಿಲ್ಲ, ಕೈಕುಲುಕಲು ಮುಜುಗರ. ಉತ್ತರ ಯುರೋಪಿನ ಮೂಲದವರಲ್ಲಿ ಇದು ಹೆಚ್ಚು. ವೈಕಿಂಗರು ಹಡಗಿನಲ್ಲಿ ಇದನ್ನು ಹೊತ್ತು ತಂದರೆಂಬ ಕಥೆ ಬಹಳ ಕಾಲ ಓಡಾಡಿತು. 2023ರ ವಂಶವಾಹಿ ಅಧ್ಯಯನವೊಂದು ಇನ್ನೂ ಹಿಂದಕ್ಕೆ ಹೋಗಿ, ಅಪಾಯ ಹೆಚ್ಚಿಸುವ ಕೆಲವು ಪ್ರಬಲ ಅಂಶಗಳು ನಿಯಾಂಡರ್ತಲರಿಂದ ಬಂದವೆಂದು ತೋರಿಸಿದ ಮೇಲೆ ಹಡಗಿನ ಕಥೆಗೆ ಅಂಥ ಬೆಲೆ ಉಳಿದಿಲ್ಲ. ಮಾರ್ಗರೆಟ್ ಥ್ಯಾಚರ್ ಮತ್ತು ರೊನಾಲ್ಡ್ ರೇಗನ್ ಇಬ್ಬರೂ ಅಧಿಕಾರದಲ್ಲಿದ್ದಾಗಲೇ ಇದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮ್ಮಲ್ಲಿ ಇದು ವಿರಳ, ಮಧುಮೇಹದವರಲ್ಲಿ ಅಲ್ಲಲ್ಲಿ ಕಾಣುವುದುಂಟು. ದಕ್ಷಿಣ ಭಾರತದಲ್ಲಿ ಮಡಚಿದ ಬೆರಳು ಎಂದರೆ ಬಹುಕಾಲ ನೆನಪಾಗುತ್ತಿದ್ದದ್ದು ಕುಷ್ಠ. ಅಲ್ಲಿ ಬೆರಳು ಮಡಚುವುದು ನರ ಸತ್ತು ಸ್ನಾಯು ಸೋತದ್ದರಿಂದ. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಿಂದ ಆ ಕೈಗಳಿಗೆ ಸ್ನಾಯುರಜ್ಜುಗಳನ್ನು ಬೇರೆಡೆಯಿಂದ ತಂದು ಜೋಡಿಸಿದ್ದು ಅದಕ್ಕೇ. ಆ ಬೆರಳಿಗೆ ಈ ಕಿಣ್ವದಿಂದ ಏನೂ ಆಗದು. ಇಲ್ಲಿ ಹೇಳುತ್ತಿರುವುದು ಹುರಿಯ ಕಾಯಿಲೆಯ ಮಾತು.

ಹುರಿಯೇ ತಪ್ಪಿತಸ್ಥ ಎಂದು ತೀರ್ಮಾನಿಸುವುದು ಸುಲಭವಾಗಿರಲಿಲ್ಲ. 1614ರಲ್ಲಿ ಬಾಸೆಲ್‌ನ ಫೆಲಿಕ್ಸ್ ಪ್ಲಾಟರ್ ಒಬ್ಬ ಕಲ್ಲುಕುಟಿಗನ ಮಡಚಿದ ಬೆರಳುಗಳನ್ನು ವರ್ಣಿಸಿದಾಗ, ಸ್ನಾಯುರಜ್ಜುಗಳು ತಮ್ಮ ಜಾಗ ಬಿಟ್ಟು ಸರಿದಿವೆ ಎಂದುಕೊಂಡ. ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲಿ ಇಂಥ ಕೈಯನ್ನು ಕೊಯ್ದು ನೋಡಿ ರಜ್ಜುವಿನದ್ದಲ್ಲ, ಪೊರೆಯ ದೋಷವೆಂದು ಕಂಡುಕೊಂಡ. ಅವನ ಶಿಷ್ಯ ಆಸ್ಟ್ಲಿ ಕೂಪರ್ 1822ರ ತನ್ನ ಪುಸ್ತಕದಲ್ಲಿ ಚೂಪಾದ ಚಾಕುವಿನಿಂದ ಆ ಪೊರೆಯನ್ನು ಕತ್ತರಿಸಬಹುದೆಂದು ಬರೆದ. ಹಾಗಾಗಿ ಹೆಸರು ಡ್ಯುಪ್ಯುಟ್ರೆನ್‌ನದಾದರೂ ಮೊದಲ ಹೆಜ್ಜೆ ಅವನದಲ್ಲ. ಅವನು ಮಾಡಿದ್ದು ಅದನ್ನು ಪ್ರದರ್ಶಿಸಿದ್ದು. ಬೆರಳು ಮಡಚಿಕೊಂಡಿದ್ದ ಮುದುಕನೊಬ್ಬ ಸತ್ತ ಸುದ್ದಿ ತಿಳಿದು, ಆ ತೋಳನ್ನು ತರಿಸಿಕೊಂಡು ಪದರ ಪದರವಾಗಿ ಬಿಡಿಸಿದ. ರಜ್ಜುಗಳು ಸರಿಯಾಗಿದ್ದವು, ಕೀಲುಗಳೂ ಸರಿಯಾಗಿದ್ದವು. ಪೊರೆಯಿಂದ ಬೆರಳಿಗೆ ಹೋಗುವ ಎಳೆಗಳನ್ನು ಕತ್ತರಿಸಿದೊಡನೆ ಬೆರಳು ಬಿಚ್ಚಿಕೊಂಡಿತು. ಆಮೇಲೆ 1831ರ ಜೂನ್ 12ರಂದು ಒಬ್ಬ ದ್ರಾಕ್ಷಾರಸದ ವ್ಯಾಪಾರಿಯ ಕೈಗೆ ಚಾಕು ಹಾಕಿದ. ಅರಿವಳಿಕೆ ಬರಲು ಇನ್ನೂ ಹದಿನೈದು ವರ್ಷ ಬೇಕಿದ್ದ ಕಾಲ. ಅಂಗೈಗೆ ಅಡ್ಡಲಾಗಿ ಕೊಯ್ದು, ಗಾಯವನ್ನು ಹೊಲಿಯದೆ ಬಿಟ್ಟು, ಬೆರಳನ್ನು ಒಂದು ಸಲಕರಣೆಗೆ ಕಟ್ಟಿ ಚಾಚಿಸಿ ಇಟ್ಟ. ಡಿಸೆಂಬರ್ 5ರಂದು ಓತೆಲ್-ದಿಯೋ ಆಸ್ಪತ್ರೆಯಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟ. ಲಂಡನ್ನಿನ ‘ಲ್ಯಾನ್ಸೆಟ್’ 1834ರಲ್ಲಿ ಅದನ್ನು ಪ್ರಕಟಿಸಿತು. ಮರುವರ್ಷ ಅವನು ತೀರಿಕೊಂಡ.

ಶಸ್ತ್ರಕ್ರಿಯೆಯಿಂದ ಉಪನ್ಯಾಸದವರೆಗೆ ಕಳೆದದ್ದು ಆರು ತಿಂಗಳಿಗೂ ಕಡಿಮೆ. ವರ್ಷಗಟ್ಟಲೆ ಬೆಳೆಯುವ ಕಾಯಿಲೆಯ ವಿಷಯದಲ್ಲಿ ಇದು ತೀರ್ಪು ಕೊಡುವ ಸಮಯವಲ್ಲ. ಆದರೂ ಅವನನ್ನು ದೂರುವಂತಿಲ್ಲ. ಆಗಿನ ವೈದ್ಯಕ್ಕೆ ರೋಗಿಯನ್ನು ಐದು ವರ್ಷ ಹಿಂಬಾಲಿಸುವ ವ್ಯವಸ್ಥೆಯೇ ಇರಲಿಲ್ಲ. ಗಮನಿಸಬೇಕಾದ್ದು ಅವನು ಬಿಟ್ಟುಹೋದ ಕಲ್ಪನೆ. ಬೆರಳನ್ನು ಹುರಿ ಎಳೆದಿದೆ, ಹುರಿಯನ್ನು ಕಡಿದರೆ ಬೆರಳು ಬಿಡುತ್ತದೆ. ಶುದ್ಧ ಯಂತ್ರಶಾಸ್ತ್ರ. ಹುರಿಯನ್ನು ಹೊಸೆಯುವವರು ಯಾರು ಎಂಬ ಪ್ರಶ್ನೆ ಅದರೊಳಗೆ ಬರುವುದಿಲ್ಲ. ವ್ಯಾಪಾರಿ ಪೀಪಾಯಿಗಳ ಕೆಲಸ ಮಾಡಿದ್ದರಿಂದ, ಗಾಡಿ ಹೊಡೆಯುವವನು ಚಾವಟಿ ಹಿಡಿದಿದ್ದರಿಂದ ಅಂಗೈಗೆ ಪೆಟ್ಟಾಗಿ ಹೀಗಾಯಿತು ಎಂದು ಅವನು ಸಮಾಧಾನ ಕಂಡುಕೊಂಡ. ಮುಂದಿನ ಒಂದೂವರೆ ಶತಮಾನದ ಶಸ್ತ್ರವೈದ್ಯರು ಬಹುತೇಕ ಜಗಳವಾಡಿದ್ದು ಹುರಿಯನ್ನು ಬರೀ ಕಡಿಯಬೇಕೋ, ಕೆತ್ತಿ ತೆಗೆಯಬೇಕೋ, ಎಷ್ಟು ತೆಗೆಯಬೇಕು ಎಂಬುದರ ಬಗ್ಗೆ. ಆಸ್ಟ್ರೇಲಿಯಾದ ಜಾನ್ ಹ್ಯೂಸ್ಟನ್ ಹುರಿಯ ಜೊತೆಗೆ ಮೇಲಿನ ಚರ್ಮವನ್ನೂ ತೆಗೆದು ಬೇರೆ ಚರ್ಮ ಹಚ್ಚಿದರೆ ಆ ಜಾಗದಲ್ಲಿ ಕಾಯಿಲೆ ಮರಳುವುದು ಕಡಿಮೆ ಎಂದು ವಾದಿಸಿದ. ಯಂತ್ರಶಾಸ್ತ್ರ ಸಾಲದು, ಜೀವಕೋಶದ ಮಾತೂ ಇದೆ ಎಂಬ ಅರಿವು ಅದರಲ್ಲಿ ಇಣುಕುತ್ತದೆ. ಕುತೂಹಲವೆಂದರೆ ಕಿಣ್ವದ ದಾರಿಯಲ್ಲಿ ಮೊದಲು ನಡೆದವರಲ್ಲೂ ಅವನೇ ಒಬ್ಬ.

ಆ ದಾರಿಯ ಇನ್ನೊಂದು ತುದಿ ಮೊದಲ ಮಹಾಯುದ್ಧದ ಕಂದಕಗಳಲ್ಲಿದೆ. 1916ರಲ್ಲಿ ಪಾಸ್ತರ್ ಸಂಸ್ಥೆಯ ವೈನ್‌ಬರ್ಗ್ ಮತ್ತು ಸೆಗಾಂ, ಸೈನಿಕರ ಕೊಳೆತ ಗಾಯಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದನ್ನು ಗಿನಿಯಿಲಿಗೆ ಚುಚ್ಚಿದರೆ ಮಾಂಸ ಕರಗಿ ಎಲುಬು ಹೊರಬರುತ್ತಿತ್ತು. ಕ್ಲಾಸ್ಟ್ರಿಡಿಯಂ ಹಿಸ್ಟೊಲಿಟಿಕಂ ಎಂದು ಅದಕ್ಕೆ ಹೆಸರಾಯಿತು. ಕೊಲಾಜೆನ್ ಎಂಬ ಪ್ರೋಟೀನು ನಮ್ಮ ಚರ್ಮ, ರಜ್ಜು, ಎಲುಬುಗಳ ಬಿಗಿಗೆಲ್ಲ ಆಧಾರ; ಮೂರು ಎಳೆಗಳು ತೆಂಗಿನ ನಾರಿನ ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿರುವುದರಿಂದ ಕರುಳಿನ ಟ್ರಿಪ್ಸಿನ್‌ನಂಥ ಸಾಮಾನ್ಯ ಕಿಣ್ವಗಳಿಗೆ ಅದು ಬಗ್ಗುವುದಿಲ್ಲ. ಈ ಬ್ಯಾಕ್ಟೀರಿಯಾದ ಕೊಲಾಜಿನೇಸ್ ಎಂಬ ಕಿಣ್ವಕ್ಕೆ ಬಗ್ಗುತ್ತದೆ. ಅದನ್ನು ಶುದ್ಧಮಾಡಿ ಕೈಗೆ ತೆಗೆದುಕೊಳ್ಳುವಂತೆ ಮಾಡಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಇನೆಸ್ ಮಾಂಡ್ಲ್. 1917ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು, ಐರ್ಲೆಂಡಿನ ಕಾರ್ಕ್‌ನಲ್ಲಿ ಓದಿ, ಅಮೆರಿಕ ಸೇರಿ, ಅಲ್ಲಿ ಬರ್ಲಿನ್ ಬಿಟ್ಟು ಬಂದಿದ್ದ ಕಾರ್ಲ್ ನ್ಯೂಬರ್ಗ್‌ನ ಜೊತೆ ಕೆಲಸ ಮಾಡಿದಾಕೆ. 1953ರಲ್ಲಿ ಮಾಂಡ್ಲ್, ಮ್ಯಾಕ್ಲೆನನ್, ಹೌಸ್ ಈ ಮೂವರು ಕಿಣ್ವವನ್ನು ಬೇರ್ಪಡಿಸಿದ ವಿಧಾನವನ್ನು ಪ್ರಕಟಿಸಿದರು. ಅವರ ಕಣ್ಣಿದ್ದದ್ದು ಮಡಚಿದ ಬೆರಳಿನ ಮೇಲಲ್ಲ, ಸುಟ್ಟ ಗಾಯ ಮತ್ತು ಹುಣ್ಣುಗಳ ಮೇಲೆ. ಸತ್ತ ಚರ್ಮವನ್ನು ಕರಗಿಸುವ ಮುಲಾಮಾಗಿ ಅದು 1960ರ ದಶಕದಿಂದ ಬಳಕೆಯಲ್ಲಿದೆ, ಇಂದಿಗೂ ಇದೆ. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಸಾಧನೆ ಇದೇ. ಆಮೇಲಿನದೆಲ್ಲ ಈ ಕಿಣ್ವವನ್ನು ಎಲ್ಲಿಗೆ ಹಾಕಬಹುದು ಎಂಬ ಹುಡುಕಾಟ.

ಕಿಣ್ವದಿಂದ ಹುರಿ ಕರಗಿಸುವ ಯೋಚನೆ ಮೊದಲು ಬಂದದ್ದು ಬೇರೆ ಕಿಣ್ವಗಳೊಂದಿಗೆ. ಫ್ರಾನ್ಸಿನ ಬಸ್ಸೋ 1965ರಲ್ಲಿ, ಹ್ಯೂಸ್ಟನ್ 1971ರಲ್ಲಿ, ಟ್ರಿಪ್ಸಿನ್ ಮತ್ತು ಹಯಲುರೊನಿಡೇಸ್ ಇರುವ ಮಿಶ್ರಣವನ್ನು ಮರವಳಿಕೆಯ ಔಷಧಿಯೊಂದಿಗೆ ಹುರಿಗೆ ಚುಚ್ಚಿ, ಬೆರಳನ್ನು ಜಗ್ಗಿ ಹುರಿ ಹರಿದರು. ಬೆರಳು ಬಿಚ್ಚಿತು. ಎರಡು ದಶಕಗಳ ನಂತರ ಬ್ರಿಟನ್ನಿನಲ್ಲಿ ಇಂಥ ರೋಗಿಗಳನ್ನು ಹಿಂಬಾಲಿಸಿ ನೋಡಿದಾಗ, 1992ರ ವರದಿಯ ಪ್ರಕಾರ, ಬಹುಪಾಲು ಕೈಗಳಲ್ಲಿ ಎರಡು ಮೂರು ವರ್ಷದೊಳಗೆ ಕಾಯಿಲೆ ಮರಳಿತ್ತು. ಹೆಚ್ಚು ಹೊತ್ತು ಕಾದು ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಇದು ಮೊದಲ ಎಚ್ಚರಿಕೆ. ಅದನ್ನು ಹೆಚ್ಚಿನವರು ಮಿಶ್ರಣದ ದೋಷವೆಂದು ಓದಿಕೊಂಡರು: ಟ್ರಿಪ್ಸಿನ್ ಕೊಲಾಜೆನ್ನನ್ನು ಕತ್ತರಿಸುವುದಿಲ್ಲ, ಸರಿಯಾದ ಕಿಣ್ವ ಸಿಕ್ಕರೆ ಬೇರೆಯಾಗುತ್ತದೆ. ತರ್ಕ ಅರ್ಧ ಸರಿ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ಲಾರೆನ್ಸ್ ಹರ್ಸ್ಟ್ ಮತ್ತು ಮರೀ ಬಡಲಮೆಂಟೆ ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಹುರಿಗಳಿಗೆ ಪ್ರಯೋಗಾಲಯದಲ್ಲಿ ಕೊಲಾಜಿನೇಸ್ ಹಾಕಿ, ಎಷ್ಟು ಬಲ ಕೊಟ್ಟರೆ ಅವು ಹರಿಯುತ್ತವೆ ಎಂದು ಅಳೆದು 1996ರಲ್ಲಿ ಬರೆದರು. 2000ದಲ್ಲಿ 35 ರೋಗಿಗಳ ಮೊದಲ ವರದಿ ಬಂತು. ಕಡಿಮೆ ಪ್ರಮಾಣ ಸಾಲದೆ, 10,000 ಯೂನಿಟ್‌ಗೆ ನಿಲ್ಲಿಸಿದರು. ಈ ಕಿಣ್ವದ ಒಂದು ಅನುಕೂಲ, ಹುರಿಯಲ್ಲಿರುವ ಒಂದನೇ ಮತ್ತು ಮೂರನೇ ಬಗೆಯ ಕೊಲಾಜೆನ್ನನ್ನು ಅದು ಕಡಿಯುತ್ತದೆ, ರಕ್ತನಾಳ ಮತ್ತು ನರಗಳ ತಳಪೊರೆಯಲ್ಲಿರುವ ನಾಲ್ಕನೆಯ ಬಗೆಯನ್ನು ಬಹುತೇಕ ಮುಟ್ಟುವುದಿಲ್ಲ. ಆದರೆ ಸ್ನಾಯುರಜ್ಜು ಒಂದನೇ ಬಗೆಯದೇ. ಸೂಜಿ ಎರಡು ಮೂರು ಮಿಲಿಮೀಟರಿಗಿಂತ ಆಳಕ್ಕೆ ಹೋದರೆ ರಜ್ಜುವೇ ಕರಗಬಹುದು. ಹಾಗಾಗಿ ಇದನ್ನು ಚಾಕು ಇಲ್ಲದ ಸುಲಭ ಚಿಕಿತ್ಸೆ ಎಂದು ಕರೆದದ್ದು ರೋಗಿಯ ಕಡೆಯಿಂದ ನೋಡಿದರೆ ಮಾತ್ರ ನಿಜ.

2009ರ ಸೆಪ್ಟೆಂಬರಿನಲ್ಲಿ ಬಂದ ದೊಡ್ಡ ಪ್ರಯೋಗವೇ ಎಲ್ಲಕ್ಕೂ ತಿರುವು. 308 ರೋಗಿಗಳು, ಒಂದು ಪಾಲಿಗೆ ಕಿಣ್ವ, ಇನ್ನೊಂದು ಪಾಲಿಗೆ ಬರೀ ಹುಸಿಮದ್ದು. ಹುರಿಗೆ ಚುಚ್ಚಿ, ಮರುದಿನ ವೈದ್ಯರು ಬೆರಳನ್ನು ಜಗ್ಗಿ ಬಿಡಿಸುತ್ತಾರೆ. ಹರಿಯುವಾಗ ಕೆಲವರಿಗೆ ‘ಟಪ್’ ಎಂದು ಕೇಳಿಸುವುದೂ ಉಂಟು. ಬೇಕಾದರೆ ತಿಂಗಳಿಗೊಮ್ಮೆ ಮೂರು ಸಲದವರೆಗೆ. ಕೊನೆಯ ಇಂಜೆಕ್ಷನ್ ಆದ 30 ದಿನಕ್ಕೆ ಕೀಲು ಪೂರ್ಣ ನೇರದಿಂದ 5 ಡಿಗ್ರಿಯೊಳಗೆ ಬಂದಿದೆಯೇ ಎಂಬುದು ಮುಖ್ಯ ಅಳತೆ. ಕಿಣ್ವದ ಗುಂಪಿನಲ್ಲಿ 64 ಶೇಕಡಾ, ಹುಸಿಮದ್ದಿನಲ್ಲಿ 6.8. ಚಿಕಿತ್ಸೆಯಿಂದಾದ ಗಂಭೀರ ತೊಂದರೆಗಳು ಮೂರು, ಅವುಗಳಲ್ಲಿ ಎರಡು ರಜ್ಜು ಹರಿದದ್ದು. ಐದೇ ತಿಂಗಳಿಗೆ, 2010ರ ಫೆಬ್ರುವರಿ 2ರಂದು, ಅಮೆರಿಕದ ಔಷಧ ನಿಯಂತ್ರಕರು ‘ಝಯಾಫ್ಲೆಕ್ಸ್’ ಎಂಬ ಹೆಸರಿನ ಈ ಔಷಧಿಗೆ ಒಪ್ಪಿಗೆ ಕೊಟ್ಟರು, ಮರುವರ್ಷ ಯುರೋಪಿನಲ್ಲಿ ಅದೇ ಔಷಧಿ ‘ಝಯಾಪೆಕ್ಸ್’ ಎಂಬ ಹೆಸರಿನಲ್ಲಿ ಬಂತು. ಒಂದು ಸೀಸೆಗೆ ಅಮೆರಿಕದಲ್ಲಿ ಆಗ ಮೂರು ಸಾವಿರ ಡಾಲರಿನ ಮೇಲೆ ಬೆಲೆ ಇತ್ತು. ಫಲಿತಾಂಶ ಸುಳ್ಳಲ್ಲ, ಪ್ರಯೋಗ ಚೆನ್ನಾಗಿಯೇ ನಡೆದಿತ್ತು. ಆದರೆ ಅದು ಕೇಳಿದ ಪ್ರಶ್ನೆ ಯಾವುದು? ಏನೂ ಮಾಡದೆ ಇರುವುದಕ್ಕಿಂತ ಇದು ತಿಂಗಳ ಮಟ್ಟಿಗೆ ಮೇಲೇ ಎಂಬುದು. ಹುರಿಯನ್ನು ಕರಗಿಸಿ ಜಗ್ಗಿದರೆ ಬೆರಳು ತಿಂಗಳ ಮಟ್ಟಿಗೆ ನೇರವಾಗುತ್ತದೆ ಎಂಬುದನ್ನು ಯಾರಾದರೂ ಅನುಮಾನಿಸಿದ್ದರೇ? ರೋಗಿಗೆ ಬೇಕಾದ ಪ್ರಶ್ನೆ ಬೇರೆ: ಚಾಕುವಿಗೆ ಹೋಲಿಸಿದರೆ ಹೇಗೆ, ಎರಡು ವರ್ಷಕ್ಕೆ ಹೇಗೆ, ಐದಕ್ಕೆ ಹೇಗೆ.

ನಿಯಂತ್ರಕರ ಕೆಲಸವೇ ಅಷ್ಟು ಎಂದು ಇದಕ್ಕೆ ಉತ್ತರ ಬರಬಹುದು. ಔಷಧಿ ಕೆಲಸ ಮಾಡುತ್ತದೆಯೇ, ಕೊಲ್ಲುವುದಿಲ್ಲವೇ ಎಂಬುದನ್ನು ನೋಡುವುದು ಅವರ ಪಾಲು, ಚಾಕುವಿಗಿಂತ ಮೇಲೋ ಕೆಳಗೋ ಎಂಬುದನ್ನು ವೈದ್ಯರೂ ರೋಗಿಗಳೂ ತೀರ್ಮಾನಿಸಿಕೊಳ್ಳಲಿ. ಒಪ್ಪುವ ಮಾತೇ. ಆದರೆ ತೀರ್ಮಾನಕ್ಕೆ ಬೇಕಾದ ಅಂಕಿಗಳನ್ನು ಯಾರು ಒದಗಿಸಬೇಕು? ಒಪ್ಪಿಗೆ ಸಿಕ್ಕ ಮೇಲೆ ಹೋಲಿಕೆಯ ಪ್ರಯೋಗಕ್ಕೆ ಹಣ ಹಾಕುವುದರಲ್ಲಿ ಮಾರುವವರಿಗೆ ಲಾಭವಿಲ್ಲ. ಹೀಗಾಗಿ ಆ ಕೆಲಸ ಸರ್ಕಾರಿ ಹಣದ ಪಾಲಿಗೆ ಬಂತು, ತಡವಾಗಿ ಬಂತು. ಕಂಪನಿಯನ್ನು ಮಾತ್ರ ದೂರುವುದೂ ನ್ಯಾಯವಲ್ಲ, ಏಕೆಂದರೆ ದೀರ್ಘಾವಧಿಯ ಹಿಂಬಾಲಿಕೆಯನ್ನು ಅದು ಮಾಡಿಯೇ ಮಾಡಿತು. 2015ರಲ್ಲಿ ಪ್ರಕಟವಾದ ಐದು ವರ್ಷದ ವರದಿಯಲ್ಲಿ, ಮೊದಲು ಯಶಸ್ವಿಯಾಗಿ ನೇರವಾದ 623 ಕೀಲುಗಳಲ್ಲಿ 47 ಶೇಕಡಾ ಮತ್ತೆ ಮಡಚಿದ್ದವು. ಬೆರಳ ಬುಡದ ಕೀಲುಗಳಲ್ಲಿ 39, ನಡುಗೀಲುಗಳಲ್ಲಿ 66. ಇದು ಬಚ್ಚಿಟ್ಟ ಅಂಕಿಯಲ್ಲ, ಯಾರು ಬೇಕಾದರೂ ಓದಬಹುದಾಗಿದ್ದ ಅಂಕಿ. ಆದರೆ ಅಷ್ಟರಲ್ಲಿ ಔಷಧಿ ಮಾರುಕಟ್ಟೆಗೆ ಬಂದು ಐದು ವರ್ಷ ಕಳೆದಿತ್ತು, ರೋಗಿಗಳಿಗೆ ಎದ್ದು ಕಾಣುವಂತೆ ಇದ್ದದ್ದು 64 ಮಾತ್ರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಶಸ್ತ್ರಚಿಕಿತ್ಸೆಯೂ ವಾಸಿಮಾಡುವುದಿಲ್ಲ, ಕಾಯಿಲೆ ಅಲ್ಲಿಯೂ ಮರಳುತ್ತದೆ. ಗಾಯ ಮಾಯಲು ವಾರಗಳು ಬೇಕು, ನರ ಕತ್ತರಿಸುವ ಅಪಾಯ, ಬಿಗಿದುಕೊಳ್ಳುವ ಕಲೆ, ಆಮೇಲೆ ವ್ಯಾಯಾಮ. ಎಪ್ಪತ್ತು ದಾಟಿದವರಿಗೆ, ದುಡಿಮೆ ಬಿಟ್ಟು ಕೂರಲಾಗದವರಿಗೆ ಮೂರು ವರ್ಷ ನೇರವಾಗಿರುವ ಬೆರಳೇ ಸಾಕು, ಮರಳಿದರೆ ಇನ್ನೊಮ್ಮೆ ಚುಚ್ಚಿಸಿಕೊಂಡರಾಯಿತು. ಈ ವಾದವನ್ನು ಅಲ್ಲಗಳೆಯಲಾಗದು. ಆದರೆ ಇದೇ ವಾದ ಇನ್ನೂ ಅಗ್ಗದ ಒಂದು ಉಪಾಯಕ್ಕೂ ಸಲ್ಲುತ್ತದೆ. 1970ರ ದಶಕದಲ್ಲಿ ಪ್ಯಾರಿಸ್ಸಿನ ಸಂಧಿವಾತ ತಜ್ಞರಾದ ಲೆರ್ಮುಸಿಯೋ ಮತ್ತು ಡೆಬೇರ್ ಸಾಮಾನ್ಯ ಇಂಜೆಕ್ಷನ್ ಸೂಜಿಯ ತುದಿಯಿಂದಲೇ ಚರ್ಮದ ಕೆಳಗೆ ಹುರಿಯನ್ನು ಕಡಿಯುವುದನ್ನು ರೂಢಿಗೆ ತಂದರು. ಸೂಜಿಗೆ ಕೆಲವು ರೂಪಾಯಿ. ಅದರ ಐದು ವರ್ಷದ ಫಲ ಚೆನ್ನಾಗಿಲ್ಲ: ನೆದರ್ಲೆಂಡ್ಸಿನಲ್ಲಿ 2012ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಸೂಜಿಯಿಂದ ಕಡಿದವರಲ್ಲಿ 84.9 ಶೇಕಡಾ, ಹುರಿ ಕೆತ್ತಿ ತೆಗೆದವರಲ್ಲಿ 20.9 ಶೇಕಡಾ ಮರುಕಳಿಕೆ. ಸೂಜಿಯ ಅನುಕೂಲವನ್ನು ಒಪ್ಪಿಕೊಂಡು ಈ ಅಂಕಿಯನ್ನೂ ಎದುರಿಗಿಟ್ಟಾಗ ರೋಗಿ ನಿಜವಾಗಿ ಆಯ್ದುಕೊಳ್ಳುತ್ತಾನೆ. ಅವನೊಂದಿಗೆ ವಾದ ಮಾಡಬೇಕಾಗಿಲ್ಲ. ಕಿಣ್ವದ ವಿಷಯದಲ್ಲಿ ಆಯ್ಕೆಗೆ ಬೇಕಾದ ನೇರ ಹೋಲಿಕೆ ಬಂದದ್ದು ಹದಿನಾಲ್ಕು ವರ್ಷ ತಡವಾಗಿ. ಅದೇ 2024ರಲ್ಲಿ ಫಿನ್‌ಲೆಂಡಿನವರು ಸೂಜಿ, ಕಿಣ್ವ, ಚಾಕು ಮೂರನ್ನೂ ಒಂದೇ ಪ್ರಯೋಗದಲ್ಲಿಟ್ಟು ವರದಿ ಮಾಡಿದರು. ಮೂರು ತಿಂಗಳಿಗೆ ಮೂರೂ ಹೆಚ್ಚುಕಡಿಮೆ ಸಮ. ಎರಡು ವರ್ಷಕ್ಕೆ ಚಾಕು ಮುಂದೆ, ಸೂಜಿ ಕೊನೆಯಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ: ಮೂರು ತಿಂಗಳಿಗೆ ಅಳತೆ ನಿಲ್ಲಿಸಿದ್ದರೆ ಅದು ಮೂರು ಚಿಕಿತ್ಸೆಗಳೂ ಒಂದೇ ಎಂದು ಹೇಳಿ ಮುಗಿಯುತ್ತಿತ್ತು.

ಮಾರುಕಟ್ಟೆ ಈ ಯಾವುದಕ್ಕೂ ಕಾಯಲಿಲ್ಲ. ಯುರೋಪಿನ ಹಕ್ಕು ಫೈಜರ್ ಕೈಯಿಂದ ಸ್ವೀಡನ್ನಿನ ಸೋಬಿಗೆ ಹೋಯಿತು. ಅಮೆರಿಕದಲ್ಲಿ ಮೂಲ ಕಂಪನಿ ಆಕ್ಸಿಲಿಯಂ 2015ರಲ್ಲಿ ಎಂಡೋ ಪಾಲಾಯಿತು. ಅಮೆರಿಕದ ಹೊರಗೆ ಮಾರಾಟ ಲಾಭಕರವಲ್ಲವೆಂದು ಔಷಧಿ ಒಂದೊಂದೇ ದೇಶದಿಂದ ಮರೆಯಾಯಿತು. ಅದೇ ಕಿಣ್ವವನ್ನು ಪೃಷ್ಠದ ಚರ್ಮದ ಗುಳಿಗಳನ್ನು ತಗ್ಗಿಸುವ ಸೌಂದರ್ಯದ ಮದ್ದಾಗಿ 2020ರಲ್ಲಿ ಒಪ್ಪಿಸಿ, ಎರಡು ವರ್ಷದಲ್ಲಿ ಅದನ್ನೂ ನಿಲ್ಲಿಸಿದರು. ಪರಿಣಾಮ ವಿಚಿತ್ರ. ತೊಂದರೆಯಿಲ್ಲದ ಚಿಕಿತ್ಸೆ ಬೇಕೆಂದು ಕೇಳುವ ಯುರೋಪಿನ ವೃದ್ಧನಿಗೆ ಅದು ಸಿಗುವುದಿಲ್ಲ. ಅದು ಸಿಗುವ ಅಮೆರಿಕದಲ್ಲಿ ಬೆಲೆಯೇ ತೊಂದರೆ. ಅಳತೆಯ ವಿಷಯದಲ್ಲಿ ನಾನು ಇಷ್ಟು ಹೊತ್ತು ದೂರಿದ ಚಿಕಿತ್ಸೆಯನ್ನು ಹೀಗೆ ಕಸಿದುಕೊಂಡದ್ದು ಸರಿಯೆಂದು ಇದರಿಂದ ಆಗುವುದಿಲ್ಲ. ಬ್ರಿಟನ್ನಿನ ಪ್ರಯೋಗ ಹೇಳಿದ್ದು ಶಸ್ತ್ರಚಿಕಿತ್ಸೆ ಸರಾಸರಿಯಲ್ಲಿ ಮೇಲು ಎಂದು, ಕಿಣ್ವ ನಿರುಪಯೋಗಿ ಎಂದಲ್ಲ. ಬುಡದ ಕೀಲು ಮಾತ್ರ ಮಡಚಿದವರಿಗೆ, ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಅದು ಇಂದಿಗೂ ಸಮಂಜಸ ಆಯ್ಕೆಯಾಗಬಹುದಿತ್ತು.

ಹುರಿಯನ್ನು ಹೊಸೆಯುವುದು ಯಾರು ಎಂಬ ಪ್ರಶ್ನೆಗೆ ಉತ್ತರ ಮಾತ್ರ 1972ರಿಂದಲೇ ಇತ್ತು. ಗಬ್ಬಿಯಾನಿ ಮತ್ತು ಮಾಯ್ನೊ ಈ ಗಂಟುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಸ್ನಾಯುವಿನಂತೆ ಕುಗ್ಗಬಲ್ಲ, ನಾರು ಉತ್ಪಾದಿಸುವ ಕೋಶಗಳು ಅಲ್ಲಿವೆ ಎಂದು ತೋರಿಸಿದ್ದರು. ಮಯೊಫೈಬ್ರೊಬ್ಲಾಸ್ಟ್ ಎಂದು ಈಗ ಅವುಗಳ ಹೆಸರು. ಚಾಕು, ಸೂಜಿ, ಕಿಣ್ವ ಮೂರೂ ಕೋಶಗಳು ಮಾಡಿಟ್ಟ ಹುರಿಯ ಮೇಲೆ ಕೈ ಹಾಕುತ್ತವೆ, ಕೋಶಗಳನ್ನು ಅವು ಇದ್ದಂತೆಯೇ ಬಿಡುತ್ತವೆ, ಚಾಕು ಸ್ವಲ್ಪ ಹೆಚ್ಚು ಕೋಶಗಳನ್ನು ಹೊತ್ತು ತರುತ್ತದೆ ಅಷ್ಟೆ. ಅದರ ಮರುಕಳಿಕೆ ಕಡಿಮೆ ಇರುವುದಕ್ಕೂ ಬಹುಶಃ ಅದೇ ಕಾರಣ. ಆಕ್ಸ್‌ಫರ್ಡಿನ ಜಗದೀಪ್ ನಂಚಹಾಲ್ ಮತ್ತು ಸಂಗಡಿಗರು ಈ ಕೋಶಗಳಿಗೆ ಪ್ರಚೋದನೆ ಕೊಡುವ ಟಿಎನ್‌ಎಫ್ ಎಂಬ ಸಂಕೇತವನ್ನು ತಡೆಯುವ ಅಡಾಲಿಮುಮಾಬ್ ಮದ್ದನ್ನು, ಬೆರಳು ಇನ್ನೂ ಮಡಚದ ಹಂತದಲ್ಲೇ ಗಂಟಿಗೆ ಚುಚ್ಚಿ ನೋಡಿದರು. 140 ಮಂದಿ, ಮೂರು ತಿಂಗಳಿಗೊಮ್ಮೆ ಒಟ್ಟು ನಾಲ್ಕು ಸಲ. 2022ರ ವರದಿಯ ಪ್ರಕಾರ ವರ್ಷಕ್ಕೆ ಗಂಟು ಮೆತ್ತಗಾಗಿತ್ತು, ಹದಿನೆಂಟು ತಿಂಗಳಿಗೂ ಅದು ಮುಂದುವರಿದಿತ್ತು. ಕೊನೆಗೂ ಹುರಿ ಬಿಟ್ಟು ಕೋಶದ ಕಡೆಗೆ ತಿರುಗಿದ ಪ್ರಯತ್ನ ಇದು, ಆ ದೃಷ್ಟಿಯಿಂದ 1831ರಿಂದ ಈಚೆಗೆ ಬಂದವುಗಳಲ್ಲಿ ತೀರಾ ಭಿನ್ನ. ಆದರೆ ಅಲ್ಲಿಯೂ ಮುಖ್ಯ ಅಳತೆ ಗಂಟಿನ ಗಡಸುತನ. ಎಲ್ಲ ಗಂಟುಗಳೂ ಬೆರಳನ್ನು ಮಡಚುವುದಿಲ್ಲ, ಮಡಚುವವೂ ಅದಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಗಂಟು ಮೆತ್ತಗಾದ ಆ ಕೈಗಳಲ್ಲಿ ಎಷ್ಟು ಬೆರಳು ಮಡಚದೆ ಉಳಿದವು ಎಂದು ತಿಳಿಯಲು ಇನ್ನೂ ಅಷ್ಟೇ ವರ್ಷ ಅವರ ಬೆನ್ನು ಹತ್ತಬೇಕು.